ಚಿತ್ತಪ್ಪ ಮೇಷ್ಟ್ರ ಹಿಂದೆ ಹೋದ ಸಮಾನತೆ

ಚಿತ್ತಪ್ಪ ಮೇಷ್ಟ್ರ ಹತ್ತಿರ ಚಿತ್ತ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಎಂ.ಎ. ಇತ್ತು, ಎರಡು ಟೆರಿಕಾಟ್ ಪ್ಯಾಂಟುಗಳಿದ್ದವು, ಕೊಡೆ ಇತ್ತು. ಕೊಡೆ ಮಾತ್ರ ಆಗಾಗ ಬೇರೆಯವರದಾಗಿರುತ್ತಿತ್ತು. ಚಿತ್ತ ಎಲ್ಲಿರುತ್ತಿತ್ತು ಎಂಬುದು ಅವರಿಗೂ ತಿಳಿಯದು. ಒಂದು ದೀಪಾವಳಿಗೆ ಜಗಳೂರಿನ ತಮ್ಮ ಮನೆಗೆಂದು ಹೊರಟವರು ಹೊನ್ನಾಳಿ ಬಸ್ಸು ಹತ್ತಿ, ಅಲ್ಲಿ ಇಳಿದು, ಯಾರದೋ ಮನೆಯಲ್ಲಿ ಕಾಲು ತೊಳೆದುಕೊಂಡು, ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡರು. ಎಲೆ ಅಡಿಕೆ ಕೊಡುವಾಗ ಆ ಮನೆಯ ಯಜಮಾನರು, "ತಾವು ಯಾರ ಕಡೆಯೋರು ಅಂತ ಗೊತ್ತಾಗ್ಲಿಲ್ಲ" ಎಂದರಂತೆ. ಮೇಷ್ಟ್ರು ಅವರ ಮುಖ ನೋಡಿ, "ಅದಿರ್ಲಿ, ನಮ್ಮಪ್ಪ ಎಲ್ಲಿ?" ಎಂದು ತಾವೇ ಕೇಳಿದರಂತೆ.

ಅವರು ಇತಿಹಾಸ ಹೇಳುತ್ತಿದ್ದ ಚನ್ನಗಿರಿಯ ರೇವಣಪ್ಪ ಸ್ಮಾರಕ ಕಾಲೇಜು ಕಾಲೇಜಾಗುವ ಮೊದಲು ಅಡಿಕೆ ಗೋಡೌನಾಗಿತ್ತು. ಮಂಡಿ ಸಾಹುಕಾರ ಕೊಟ್ರಬಸಪ್ಪನವರು ಅಡಿಕೆಯನ್ನು ಹೊರಗೆ ಸಾಗಿಸಿ, ಒಳಗೆ ಬೆಂಚು ಹಾಕಿಸಿ, ಬಾಗಿಲ ಮೇಲೆ ತಮ್ಮ ತಂದೆಯ ಹೆಸರು ಬರೆಸಿ, ತಾವೇ ಸೆಕ್ರೆಟರಿಯಾಗಿ ಕೂತಿದ್ದರು. ಪ್ರಿನ್ಸಿಪಾಲರು ಇದ್ದರು, ಆದರೆ ಕೊಟ್ರಬಸಪ್ಪನವರ ಎದುರಿಗೆ ಇರುತ್ತಿರಲಿಲ್ಲ. ತಕ್ಕಡಿ ತೂಗುಹಾಕುತ್ತಿದ್ದ ಕೊಕ್ಕೆ ಬಿ.ಎ. ಕ್ಲಾಸಿನ ತೊಲೆಯಲ್ಲಿ ಹಾಗೆಯೇ ಉಳಿದಿತ್ತು. ಬಿಸಿಲೇರಿದ ಮೇಲೆ ಗೋಡೆಗಳಿಂದ ಬೇಯಿಸಿದ ಅಡಿಕೆಯ ವಾಸನೆ ಎದ್ದು, ಪಾಠ ಹೇಳುವವರಿಗೂ ಕೇಳುವವರಿಗೂ ಒಂದೇ ಸಮ ನಿದ್ದೆ ತರುತ್ತಿತ್ತು. ಆ ಕಾಲೇಜಿನಲ್ಲಿದ್ದ ಸಮಾನತೆ ಅದೊಂದೇ.

ಗೇಟಿನ ಎದುರಿಗೇ ನಮ್ಮ ಸೈಕಲ್ ಶಾಪು. ಎಂಟನೇ ಕ್ಲಾಸಿನಲ್ಲಿ ಬಿಲ್ಡಿಂಗ್ ಫಂಡು ಕೇಳಿದ ದಿನದಿಂದ ನನ್ನ ವಿದ್ಯಾಭ್ಯಾಸ ಅಲ್ಲೇ ನಡೆಯುತ್ತಿದ್ದುದರಿಂದ ಕಾಲೇಜಿನ ಒಳಗೆ ಏನು ನಡೆದರೂ ನನಗೆ ಕಾಣುತ್ತಿತ್ತು.

ಕಾಣುತ್ತಿದ್ದುದು ಇದು. ಹುಡುಗಿಯರು ನೇರವಾಗಿ ಕ್ಲಾಸಿಗೆ ಹೋಗುವ ಹಾಗಿರಲಿಲ್ಲ. ಹಿಂದೆ ಮೂಟೆ ತೂಗುತ್ತಿದ್ದ ಕೋಣೆಗೆ ಲೇಡೀಸ್ ರೂಮು ಎಂದು ಹೆಸರಿಟ್ಟು ಅವರನ್ನು ಅಲ್ಲಿ ಕೂರಿಸಿದ್ದರು. ಬೆಲ್ಲು ಹೊಡೆದ ಮೇಲೆ ಮೇಷ್ಟ್ರು ಸ್ಟಾಫ್ ರೂಮಿನಿಂದ ಬಂದು ಆ ಬಾಗಿಲ ಮುಂದೆ ಒಂದು ಸಲ ಕೆಮ್ಮಬೇಕು. ಹುಡುಗಿಯರು ತಲೆ ತಗ್ಗಿಸಿ ಹೊರಬಂದು, ತಾಯಿಕೋಳಿಯ ಹಿಂದೆ ಮರಿಗಳು ಹೋದಂತೆ, ಮೇಷ್ಟ್ರ ಹಿಂದೆ ಸಾಲಾಗಿ ಕ್ಲಾಸಿಗೆ ಹೋಗಬೇಕು. ಪಾಠ ಮುಗಿದ ಮೇಲೆ ಅದೇ ಸಾಲು, ಅದೇ ಮೇಷ್ಟ್ರು, ಅದೇ ಕೋಣೆ. "ಮೇಷ್ಟ್ರ ಹಿಂದೆ ಹೋಗಬೇಕು, ಮೇಷ್ಟ್ರ ಹಿಂದೆ ಬರಬೇಕು, ನಡುವೆ ಎಲ್ಲೂ ನಿಲ್ಲಬಾರದು" ಎಂದು ಕಮಿಟಿಯವರು ರೂಲ್ಸು ಮಾಡಿದ್ದರು. ಸಿಳ್ಳೆ ಹೊಡೆಯುವವರು ಹುಡುಗರು, ರೂಲ್ಸು ಮಾತ್ರ ಹುಡುಗಿಯರಿಗೆ. ಹೋರಿ ಹೊಲಕ್ಕೆ ನುಗ್ಗುತ್ತದೆಂದು ಬೆಳೆಯನ್ನು ಗೂಟಕ್ಕೆ ಕಟ್ಟುವ ಬುದ್ಧಿವಂತರು ನಮ್ಮೂರಿನಲ್ಲಿ ಬೇಕಾದಷ್ಟು ಜನ.

ಎಪ್ಪತ್ತೈದನೇ ಇಸವಿಯನ್ನು ಲೋಕದವರೆಲ್ಲ ಸೇರಿ ಮಹಿಳೆಯರಿಗೆ ಬಿಟ್ಟುಕೊಟ್ಟಿದ್ದರು. ಜನವರಿಯಲ್ಲಿ ಹೊರಟ ಸುದ್ದಿ ಚನ್ನಗಿರಿ ಮುಟ್ಟಿದ್ದು ಡಿಸೆಂಬರಿನಲ್ಲಿ. ಖಾಸಗಿ ಕಾಲೇಜುಗಳು ಕೂಡ ವರ್ಷ ಮುಗಿಯುವುದರೊಳಗೆ ಸ್ತ್ರೀ ಪುರುಷ ಸಮಾನತೆಯನ್ನು ಕಾರ್ಯರೂಪಕ್ಕೆ ತರಬೇಕು, ವಿದ್ಯಾರ್ಥಿನಿಯರನ್ನು ಮುಂದೆ ತರಬೇಕು, ಮೇಲಿನ ಸಾಹೇಬರು ಖುದ್ದು ಬಂದು ನೋಡುತ್ತಾರೆ ಎಂದು ಸುತ್ತೋಲೆ ಬಂತು. ತುರ್ತು ಪರಿಸ್ಥಿತಿಯ ಕಾಲ. ಸರ್ಕಾರದಿಂದ ಏನು ಬಂದರೂ ಜನ ಎದ್ದು ನಿಂತು ತೆಗೆದುಕೊಳ್ಳುತ್ತಿದ್ದರು.

ಕೊಟ್ರಬಸಪ್ಪನವರು ಮೇಷ್ಟ್ರುಗಳನ್ನೆಲ್ಲ ಮಂಡಿಗೇ ಕರೆಸಿ ಮೀಟಿಂಗು ಮಾಡಿದರು.

"ಮುಂದೆ ತರಬೇಕು ಅಂತಾರಲ್ರೀ. ಮುಂದಿನ ಬೆಂಚಿನಾಗೇ ಕೂರಿಸಿವಿ. ಇನ್ನೂ ಎಷ್ಟು ಮುಂದೆ ತರಾದು? ಬೋರ್ಡು ಅಡ್ಡ ಬರ್ತೈತೆ."

ಮೇಷ್ಟ್ರುಗಳು ಮಂಡಿಯ ಮೂಟೆಗಳನ್ನು ಎಣಿಸತೊಡಗಿದರು.

"ಈ ಸಮಾನತೆ ಎಷ್ಟು ಹೊತ್ತಾಗ್ತೈತೆ? ಒಂದು ಗಂಟೆನಾಗೆ ಮುಗಿಸ್ರಿ. ಮಧ್ಯಾಹ್ನ ಮಂಡಿನಾಗೆ ಟೆಂಡರ್ ಐತೆ."

ಕಾರ್ಯಕ್ರಮ ಅಲ್ಲೇ ಗೊತ್ತಾಯಿತು. ಹುಡುಗಿಯರು ರಂಗೋಲಿ ಹಾಕುವುದು, ಉಪ್ಪಿಟ್ಟು ಮಾಡುವುದು, ಆರತಿ ತಟ್ಟೆ ಹಿಡಿಯುವುದು, ಸ್ವಾಗತಗೀತೆ ಹಾಡುವುದು. ಕೊಟ್ರಬಸಪ್ಪನವರು ಸಮಾನತೆಯ ಮೇಲೆ ಮಾತಾಡುವುದು. ಮರುದಿನ ಉಬ್ರಾಣಿಯ ಉಡಚಮ್ಮ ಎಂಬ ಹುಡುಗಿ, "ಹುಡುಗ್ರು ಏನ್ ಮಾಡ್ತಾರ್ರೀ?" ಎಂದು ಕೇಳಿದಳು. "ಚಪ್ಪಾಳೆ ತಟ್ತಾರೆ" ಎಂದು ಉತ್ತರ ಬಂತು.

ಸ್ವಾಗತ ಭಾಷಣ ಚಿತ್ತಪ್ಪ ಮೇಷ್ಟ್ರ ತಲೆಗೆ ಬಿತ್ತು. ಅವರು ಆರು ವರ್ಷದಿಂದ ಟೆಂಪರರಿ. ಜೂನಿಗೊಮ್ಮೆ ತೆಗೆದುಕೊಳ್ಳುತ್ತಿದ್ದರು, ಮಾರ್ಚಿಗೊಮ್ಮೆ ಬಿಟ್ಟುಬಿಡುತ್ತಿದ್ದರು. ಕೊಟ್ರಬಸಪ್ಪನವರು ಅವರನ್ನು ಹಿಂದೆ ನಿಲ್ಲಿಸಿಕೊಂಡು ಹೇಳಿದರು: "ನೋಡ್ರಿ ಮೇಷ್ಟ್ರೇ, ಸಾಹೇಬ್ರು ಖುಷಿಯಾದ್ರೆ ನಿಮ್ಮನ್ನ ಕಾಯಂ ಮಾಡ್ತೀನಿ. ಏನಾದ್ರೂ ಎಡವಟ್ಟಾತು, ಜಗಳೂರು ಬಸ್ಸು ಹತ್ತಿಸ್ತೀನಿ. ಹೊನ್ನಾಳಿದಲ್ಲ, ಜಗಳೂರುದು. ನಾನೇ ನಿಂತು ಹತ್ತಿಸ್ತೀನಿ."

ಮೇಷ್ಟ್ರಿಗೆ ಕೆಲಸಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ನ್ಯಾಮತಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಶಿವಮೂರ್ತಪ್ಪನವರ ಮಗಳು ಸರ್ವಮಂಗಳಳನ್ನು ಅವರು ನೋಡಿ ಬಂದಿದ್ದರು. ನೋಡಿ ಬಂದಿದ್ದರು ಎಂದರೆ ಕಾಫಿ ಲೋಟವನ್ನು ನೋಡುತ್ತ ಕೂತಿದ್ದರು. ಲೋಟದ ಹೊಗೆಯಲ್ಲಿ ಯಾವುದೋ ಸಾಮ್ರಾಜ್ಯ ಏಳುತ್ತಿತ್ತೋ ಬೀಳುತ್ತಿತ್ತೋ. ಆಗ ಮೇಲಿನಿಂದ ಒಂದು ದನಿ, "ಕಾಫಿ ಆರ್ತೈತೆ" ಎಂದಿತು. ಅಷ್ಟೇ. ಆ ಎರಡು ಮಾತು ಮೂರು ತಿಂಗಳಿಂದ ಮೇಷ್ಟ್ರ ಕಿವಿಯಲ್ಲಿ ಗೂಡು ಕಟ್ಟಿಕೊಂಡಿತ್ತು. ಪಾಠದ ನಡುವೆ ಸುಮ್ಮನೆ ನಿಂತು ನಗುತ್ತಿದ್ದರು. ಹುಡುಗರು ಅದು ಔರಂಗಜೇಬನ ವಿಷಯದಲ್ಲಿ ನಗಬೇಕಾದ ಜಾಗವೆಂದು ತಾವೂ ನಗುತ್ತಿದ್ದರು. ಶಿವಮೂರ್ತಪ್ಪನವರು ಮಾತ್ರ, "ಟೆಂಪರರಿ ಮನುಷ್ಯಂಗೆ ಕಾಯಂ ಹೆಣ್ಣು ಹೆಂಗೆ ಕೊಡಾದು?" ಎಂದು ಮಾತನ್ನು ನಿಲ್ಲಿಸಿಟ್ಟಿದ್ದರು. ಸಮಾನತೆಯ ದಿನ ತಾವೇ ಚನ್ನಗಿರಿಗೆ ಬಂದು ಹುಡುಗ ಕಾಯಂ ಆಗುತ್ತಾನೋ ಇಲ್ಲವೋ ಕಣ್ಣಾರೆ ನೋಡುತ್ತೇನೆಂದು ಹೇಳಿ ಕಳಿಸಿದ್ದರು.

ಆ ದಿನ ಬೆಳಿಗ್ಗೆ ಊರನ್ನು ಮಂಜು ಮುಚ್ಚಿತ್ತು. ಹೊತ್ತೇರಿದರೂ ಬಿಟ್ಟಿರಲಿಲ್ಲ. ಗುಡ್ಡದ ಮೇಲಿನ ಕೋಟೆ ಬುಡವಿಲ್ಲದೆ ಆಕಾಶದಲ್ಲಿ ತೇಲುತ್ತಿತ್ತು. ಮನೆಗಳ ಮುಂದೆ ಒಣಹಾಕಿದ ಅಡಿಕೆ ಮಂಜಿನಲ್ಲಿ ಕೆಂಪಗೆ ಉಸಿರಾಡುತ್ತಿತ್ತು. ಸೈಕಲ್ಲಿನವರು ಬರುತ್ತಿರಲಿಲ್ಲ, ಬೆಲ್ಲಿನ ಸದ್ದು ಬಂದು ಹೋಗುತ್ತಿತ್ತು. ಚಿತ್ತ ಗಟ್ಟಿ ಇದ್ದವನೇ ಅಂಥ ದಿನ ದಾರಿ ತಪ್ಪಬೇಕು. ಇನ್ನು ನಮ್ಮ ಮೇಷ್ಟ್ರು.

ಬಿ.ಎ. ಕ್ಲಾಸಿನಲ್ಲಿ ಹುಡುಗರು ಚಪ್ಪಾಳೆ ತಟ್ಟಲು ಸಿದ್ಧರಾಗಿ ಕೂತಿದ್ದರು. ಹಿಂದಿನ ಬಾಗಿಲಲ್ಲಿ ಉಪ್ಪಿಟ್ಟಿನ ಪಾತ್ರೆ ಇತ್ತು. ಲೇಡೀಸ್ ರೂಮಿನಲ್ಲಿ ಹದಿನಾಲ್ಕು ಜನ ಹುಡುಗಿಯರು. ಆರತಿ ತಟ್ಟೆ ಉಡಚಮ್ಮನ ಕೈಯಲ್ಲಿ. 'ಸ್ತ್ರೀ ಪುರುಷ ಸಮಾನತಾ ಕಾರ್ಯಕ್ರಮ' ಎಂದು ಬರೆದ ಬಟ್ಟೆಯನ್ನು ಪೇಂಟರು ಆಗಷ್ಟೆ ತಂದುಕೊಟ್ಟಿದ್ದ. ಬಣ್ಣ ಹಸಿಯಾಗಿತ್ತು. ಮಡಿಸಿದರೆ ಸ್ತ್ರೀ ಹೋಗಿ ಪುರುಷನಿಗೆ ಅಂಟಿಕೊಳ್ಳುತ್ತಾಳೆಂದು ಸಾಲಿನ ಕೊನೆಯಲ್ಲಿದ್ದ ಇಬ್ಬರು ಅದನ್ನು ಅಗಲವಾಗಿ ಹಿಡಿದುಕೊಂಡಿದ್ದರು.

ಮೇಷ್ಟ್ರು ಬಂದು ಬಾಗಿಲ ಮುಂದೆ ಕೆಮ್ಮಿದರು. ಹುಡುಗಿಯರು ಸಾಲಾಗಿ ಹೊರಬಂದರು. ಮೇಷ್ಟ್ರು ಭಾಷಣವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೊರಟರು. "ಮಾನ್ಯರೇ, ಚನ್ನಗಿರಿ ಎಂಬ ಹೆಸರೇ ಒಬ್ಬ ರಾಣಿಯ ಹೆಸರು ಎನ್ನುತ್ತಾರೆ. ಬನ್ನಿ, ಆ ರಾಣಿಯ ಕೋಟೆಗೆ ಹೋಗೋಣ." ಎಡಕ್ಕೆ ತಿರುಗಿದರೆ ಕ್ಲಾಸು. ನೇರ ಹೋದರೆ ಗೇಟು. ಭಾಷಣ ನೇರ ಹೋಯಿತು. ಭಾಷಣದ ಹಿಂದೆ ಮೇಷ್ಟ್ರು ಹೋದರು. ಅಷ್ಟರಲ್ಲಿ ಗೇಟಿನ ಪಕ್ಕದ ಹೋಟೆಲಿನಿಂದ ಕಾಫಿಯ ವಾಸನೆ ಮಂಜಿನೊಳಗೆ ಬಂತು. ಉಳಿದಿದ್ದ ಅಷ್ಟಿಷ್ಟು ಎಚ್ಚರವೂ ಆ ವಾಸನೆಯಲ್ಲಿ ಕರಗಿಹೋಯಿತು.

ಸಾಲಿನ ನಡುವಿದ್ದ ಅನ್ನಪೂರ್ಣ ಎಂಬ ಅಂಜುಬುರುಕಿ, "ಉಡಚಿ, ಕ್ಲಾಸು ಹಿಂದೆ ಉಳೀತಲ್ಲೇ" ಎಂದಳು.

ಉಡಚಮ್ಮ ತಿರುಗದೆಯೇ ಹೇಳಿದಳು: "ನಡುವೆ ಎಲ್ಲೂ ನಿಲ್ಲಬಾರದು ಅಂತ ರೂಲ್ಸ್ ಐತೆ."

"ಎಲ್ಲಿಗೆ ಹೊಂಟಾರೆ ಮೇಷ್ಟ್ರು?"

"ಅದನ್ನ ಕೇಳು ಅಂತ ರೂಲ್ಸ್ ಇಲ್ಲ."

ಅಟೆಂಡರು ಗೋಣೆಪ್ಪ ಗೇಟು ತೆಗೆದು ಸೆಲ್ಯೂಟ್ ಹೊಡೆದ. ಬಟ್ಟೆಯ ಮೇಲಿನ ಅಕ್ಷರ ಸರ್ಕಾರಿ ಅಕ್ಷರದ ಹಾಗೆ ಕಂಡಿತ್ತು ಅವನಿಗೆ. ಮೇಷ್ಟ್ರು ನನ್ನ ಮುಂದೆಯೇ ಹಾದುಹೋದರು. ಕಣ್ಣು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಹಿಂದೆ ತಟ್ಟೆ, ತಟ್ಟೆಯ ಹಿಂದೆ ಹುಡುಗಿಯರು, ಅವರ ಹಿಂದೆ ಸಮಾನತೆ. ಯಾರದೋ ಟ್ಯೂಬು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ ನಾನು ಟ್ಯೂಬಿನ ಸಮೇತ ಎದ್ದು ಹೊರಟೆ. ಆ ಟ್ಯೂಬಿನವನು ಇವತ್ತಿಗೂ ನನ್ನನ್ನು ಬೈಯುತ್ತಾನೆ.

ಪೇಟೆ ಬೀದಿಯಲ್ಲಿ ಅಡಿಕೆ ವ್ಯಾಪಾರಸ್ಥರು ಬೆಂಚಿನ ಮೇಲಿಂದ ಒಬ್ಬೊಬ್ಬರೇ ಎದ್ದರು. ಆ ಬೀದಿಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಹೋಗುವುದೆಂದರೆ ಮದುವೆಗೆ, ಇಲ್ಲ ಮಣ್ಣಿಗೆ. ಎರಡಕ್ಕೂ ಮುಂದೆ ಓಲಗ, ಹಲಗೆ ಏನಾದರೊಂದು ಇರಬೇಕು. ಇಲ್ಲಿ ಮಂಜು ಬಿಟ್ಟರೆ ಏನೂ ಇಲ್ಲ. ಚಪ್ಪಲಿ ಸದ್ದು ಕೂಡ ಹತ್ತಿಯಲ್ಲಿ ಸುತ್ತಿಟ್ಟಂತೆ ಕೇಳುತ್ತಿತ್ತು. ಕಿಟಕಿಗಳು ತೆರೆದುಕೊಂಡವು. ಒಳಗಿದ್ದ ಹೆಂಗಸರು ಸೌಟು ಹಿಡಿದುಕೊಂಡೇ ಹೊಸ್ತಿಲ ತನಕ ಬಂದು, ಹೊಸ್ತಿಲ ಮೇಲೆ ನಿಂತು, ಮೊದಲ ಸಲ ಕಂಡವರಂತೆ ಬೀದಿಯನ್ನು ನೋಡಿದರು.

ಹೂ ಮಾರುವ ಅಂತರಘಟ್ಟಮ್ಮ ಹಿಂದಿನ ಹುಡುಗಿಯ ಸೆರಗು ಜಗ್ಗಿ ಕೇಳಿದಳು: "ಏನವ್ವ ಅದು ಬರೆದಿರಾದು?"

"ಸಮಾನತೆ ಕಣಜ್ಜಿ."

"ಸರ್ಕಾರದೋರು ಕೊಡ್ತಾರಾ?"

"ಹ್ಞೂಂ."

"ಎಷ್ಟೆಷ್ಟು ಕೊಡ್ತಾರೆ?"

"ಎಲ್ಲರಿಗೂ ಒಂದೇ ಸಮ."

ಅಂತರಘಟ್ಟಮ್ಮ ಹೂವಿನ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿದಳು. "ಚೀಲ ತರಬೇಕೇನೋ. ಹೋದ ಸಲ ಸೊಸೈಟಿನಾಗೆ ಸಕ್ಕರೆ ಕೊಟ್ಟಾಗ ಚೀಲ ಇಲ್ದೆ ಸೆರಗಿನಾಗೆ ಹಾಕ್ಕಂಡು ಇರುವೆ ಕಡಿಸ್ಕಂಡೆ" ಎನ್ನುತ್ತ ಸಾಲಿನ ಹಿಂದೆ ನಿಂತುಕೊಂಡಳು. ಅವಳು ನಿಂತದ್ದನ್ನು ನೋಡಿ ಸೊಪ್ಪಿನವಳು ಬಂದಳು. ಸೊಪ್ಪಿನವಳನ್ನು ನೋಡಿ ಮಡಕೆಯವಳು. ಇವರಿಗೆಲ್ಲ ಇಲ್ಲಿಯವರೆಗೆ ಯಾರೂ ಏನನ್ನೂ ಒಂದೇ ಸಮ ಕೊಟ್ಟಿರಲಿಲ್ಲ. ಕೊಡುತ್ತಾರೆಂಬ ಸುದ್ದಿಗೇ ಇಷ್ಟು ಜನ.

ಪೊಲೀಸ್ ಸ್ಟೇಷನ್ನಿನ ಮುಂದೆ ದಫೇದಾರ್ ತಿಪ್ಪೇಶಪ್ಪ ಟೋಪಿ ಹಾಕಿಕೊಳ್ಳುತ್ತ ಓಡಿ ಬಂದ. ತುರ್ತು ಪರಿಸ್ಥಿತಿಯಲ್ಲಿ ಐದು ಜನ ಒಟ್ಟಿಗೆ ನಿಂತರೆ ಹಿಡಿಯಬೇಕು. ಸರ್ಕಾರಿ ಕಾರ್ಯಕ್ರಮವನ್ನು ಹಿಡಿದರೆ ಅವನನ್ನೇ ಹಿಡಿಯುತ್ತಾರೆ. ಅವನು ಬಟ್ಟೆಯನ್ನು ಎರಡು ಸಲ ಓದಿದ. ಆಮೇಲೆ ನನ್ನ ಹತ್ತಿರ ಮೆಲ್ಲಗೆ, "ತಮ್ಮ, ಇದು ಸರ್ಕಾರದ ಕಡೆಯದೋ ಸರ್ಕಾರದ ವಿರುದ್ಧದ್ದೋ?" ಎಂದ.

"ಯಾರಿಗ್ಗೊತ್ತು ದಫೇದಾರ್ರೇ."

"ಹಂಗಾದ್ರೆ ನಾನು ಪಕ್ಕದಾಗೆ ನಡೀತೀನಿ. ಸರ್ಕಾರದ್ದಾದ್ರೆ ಬಂದೋಬಸ್ತು. ಅಲ್ಲಾಂದ್ರೆ ಹಿಡ್ಕಂಡು ಹೊಂಟೀನಿ ಅಂತ ಲೆಕ್ಕ."

ಬಸ್ ಸ್ಟ್ಯಾಂಡಿನ ಹತ್ತಿರ ಹೊನ್ನಾಳಿ ಕಡೆಯ ಬಸ್ಸು ಬಂದು ನಿಂತಿತು. ಅದರಿಂದ ಕರಿ ಕೋಟು, ಜರಿ ರುಮಾಲಿನ ಶಿವಮೂರ್ತಪ್ಪನವರು ಇಳಿದರು. ನೆಲಕ್ಕೆ ಇನ್ನೊಂದು ಕಾಲು ಇಡುವ ಮೊದಲೇ, ಭಾವೀ ಅಳಿಯ ಮಂಜಿನಿಂದ ಹೊರಬಂದು ಎದುರಿಗೇ ಹಾದುಹೋದ. ಅವರು ಕೈ ಮುಗಿದರು. ಅಳಿಯ ನೋಡಲಿಲ್ಲ. ಹಿಂದೆ ಒಬ್ಬ ಹುಡುಗಿ ಬಂದಳು, ಆರತಿ ತಟ್ಟೆ ಹಿಡಿದು. ಇನ್ನೊಬ್ಬಳು ಬಂದಳು. ಮತ್ತೊಬ್ಬಳು. ಶಿವಮೂರ್ತಪ್ಪನವರು ಮುಗಿದ ಕೈ ಇಳಿಸದೆ ಅಷ್ಟೂ ಜನ ಹಾದುಹೋಗುವ ತನಕ ನಿಂತಿದ್ದರು.

"ಒಬ್ಬಳನ್ನ ಕೊಡಾಕೆ ನಾನು ಮೂರು ತಿಂಗಳಿಂದ ಯೋಚ್ನೆ ಮಾಡ್ತಿದೀನಿ" ಎಂದರು ಕೊನೆಗೆ, ಬಸ್ಸಿನ ಕಂಡಕ್ಟರಿಗೆ. ಕಂಡಕ್ಟರು, "ನಿಧಾನ ಆತು ಯಜಮಾನ್ರೇ" ಎಂದು ರೈಟ್ ಹೇಳಿದ. ಶಿವಮೂರ್ತಪ್ಪನವರು ರುಮಾಲು ಸರಿ ಮಾಡಿಕೊಂಡು ಸಾಲಿನ ಹಿಂದೆ ಬಿದ್ದರು.

ಇತ್ತ ಕಾಲೇಜಿಗೆ, ಗೋಣೆಪ್ಪ ಆಮೇಲೆ ಹೇಳಿದಂತೆ, ಸಾಹೇಬರ ಜೀಪು ಬಂತು. ಕೊಟ್ರಬಸಪ್ಪನವರು ಹಾರ ಹಿಡಿದು ಮುಂದೆ, ಪ್ರಿನ್ಸಿಪಾಲರು ಅವರ ಹಿಂದೆ ಎಲ್ಲೋ. ಸಾಹೇಬರು ಕ್ಲಾಸಿನ ಒಳಗೆ ಕಾಲಿಟ್ಟ ಕೂಡಲೇ ಹುಡುಗರೆಲ್ಲ ಹೇಳಿಕೊಟ್ಟ ಹಾಗೆ ಚಪ್ಪಾಳೆ ತಟ್ಟಿದರು. ಮುಂದಿನ ಎರಡು ಬೆಂಚು ಖಾಲಿ. ಸಾಹೇಬರು ಖಾಲಿ ಬೆಂಚು ನೋಡಿದರು, ತೊಲೆಯ ಕೊಕ್ಕೆ ನೋಡಿದರು, ಕೊಟ್ರಬಸಪ್ಪನವರನ್ನು ನೋಡಿದರು.

"ಸಮಾನತೆ ಎಲ್ಲಿ?" ಎಂದು ಕೇಳಿದರು.

ಕೊಟ್ರಬಸಪ್ಪನವರು ಬೆಂಚಿನ ಕೆಳಗೆ ಬಗ್ಗಿ ನೋಡಿದರು. ಗೋಣೆಪ್ಪ ಬಾಗಿಲಿನಿಂದ ವಿನಯವಾಗಿ ಹೇಳಿದ: "ಈಗಷ್ಟೆ ಹೊರಗೆ ಹೋತು ಸಾರ್. ಕೋಟೆ ಕಡೆಗೆ."

ಸಾಹೇಬರು, ಕೊಟ್ರಬಸಪ್ಪನವರು, ಹಾರ, ಎಲ್ಲವೂ ಜೀಪಿನಲ್ಲಿ ಕೂತು ಹೊರಟವು. ಹುಡುಗರಿಗೆ ಯಾರೂ ಏನೂ ಹೇಳಲಿಲ್ಲ. ಅವರು ಇನ್ನೊಂದು ಸಲ ಚಪ್ಪಾಳೆ ತಟ್ಟಿ ಹಿಂದಿನ ಬಾಗಿಲಲ್ಲಿದ್ದ ಉಪ್ಪಿಟ್ಟಿನ ಪಾತ್ರೆಯ ಕಡೆ ತಿರುಗಿದರು. ಸಮಾನತೆಗೆಂದು ಹುಡುಗಿಯರು ಬೆಳಗಿನ ಜಾವ ಎದ್ದು ಮಾಡಿದ ಉಪ್ಪಿಟ್ಟು ಪೂರ್ತಿ ಹುಡುಗರ ಹೊಟ್ಟೆ ಸೇರಿತು.

ಅಷ್ಟು ಹೊತ್ತಿಗೆ ಮೇಷ್ಟ್ರು ಗುಡ್ಡ ಹತ್ತುತ್ತಿದ್ದರು. ಮೇಲೇರಿದಂತೆ ಮಂಜು ಕೆಳಗಿಳಿಯಿತು. ಬಿಸಿಲು ಬಂತು. ಹುಲ್ಲಿನ ಮೇಲಿನ ಹನಿಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಹುಡುಗಿಯರು ತಲೆ ತಗ್ಗಿಸುವುದನ್ನು ಎಲ್ಲಿ ಬಿಟ್ಟರೋ ಗೊತ್ತಿಲ್ಲ, ಅರ್ಧ ಗುಡ್ಡಕ್ಕೆ ಬರುವಾಗ ಎಲ್ಲರ ತಲೆಯೂ ಮೇಲಿತ್ತು. ಯಾರೋ ಸ್ವಾಗತಗೀತೆಯನ್ನು ಗುನುಗಿದರು. ಯಾರನ್ನು ಸ್ವಾಗತಿಸಬೇಕೋ ಅವರು ಇಲ್ಲದ್ದರಿಂದ ಹಾಡು ಬಹಳ ಚೆನ್ನಾಗಿ ಬಂತು.

ಕೋಟೆಯ ಮೇಲೆ ಗೋಡೆ ಮುಗಿಯಿತು, ದಾರಿ ಮುಗಿಯಿತು, ಭಾಷಣವೂ ಮುಗಿಯಿತು. ಮೇಷ್ಟ್ರು ನಿಂತು, ಎಂದಿನ ಹಾಗೆ ಹಿಂದೆ ತಿರುಗದೆಯೇ, "ಕೂತ್ಕೊಳ್ರಿ" ಎಂದರು. ಹುಡುಗಿಯರು ಕೋಟೆ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತರು. ಕೆಳಗೆ ಊರಿರಲಿಲ್ಲ. ಬಿಳಿ ಮಂಜು ಕೆರೆಯ ಹಾಗೆ ನಿಂತಿತ್ತು, ನಡುನಡುವೆ ತೆಂಗಿನ ತಲೆ, ಒಂದು ಗುಡಿಯ ಕಳಸ, ಮಂಡಿಯ ತಗಡಿನ ಮಾಡು. ಎಲ್ಲವೂ ಒಂದೇ ಎತ್ತರ. ಅನ್ನಪೂರ್ಣ ಬಹಳ ಹೊತ್ತು ನೋಡಿ, "ನಮ್ಮನೆ ಯಾವುದೇ? ಇಲ್ಲಿಂದ ಬೈದ್ರೂ ಕೇಳ್ಸಲ್ಲ" ಎಂದಳು. ಅಂತರಘಟ್ಟಮ್ಮ ಏದುಸಿರು ಬಿಡುತ್ತ ಬಂದು, "ಇಲ್ಲೇ ಕೊಡ್ತಾರಾ?" ಎಂದು ಸುತ್ತ ನೋಡಿ, ಏನೂ ಕಾಣದೆ, ಗಾಳಿಗೆ ಸೆರಗು ಹಾರಬಿಟ್ಟು ತಾನೂ ಕೂತಳು. ಬುಟ್ಟಿಯ ಹೂವು ಎಲ್ಲರಿಗೂ ಒಂದೇ ಸಮ ಹಂಚಿದಳು. ಆ ದಿನ ಚನ್ನಗಿರಿಯಲ್ಲಿ ಯಾರಾದರೂ ಏನಾದರೂ ಹಂಚಿದ್ದು ಅದೇ.

ಮೇಷ್ಟ್ರು ಬೋರ್ಡಿಗೆಂದು ತಿರುಗಿದರು. ಬೋರ್ಡಿನ ಜಾಗದಲ್ಲಿ ಆಕಾಶವಿತ್ತು. ಸೀಮೆಸುಣ್ಣ ಹಿಡಿದ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತು.

"ಉಡಚಮ್ಮ, ಕ್ಲಾಸು ಎಲ್ಲಮ್ಮ?"

"ಕೆಳಗೈತೆ ಸಾರ್."

"ನಾವು?"

"ಮೇಲೆ ಅದೀವಿ ಸಾರ್."

"ಯಾಕೆ?"

"ನೀವು ಬಂದ್ರಿ, ನಾವು ಬಂದ್ವಿ. ರೂಲ್ಸು."

ಮೇಷ್ಟ್ರಿಗೆ ಎಲ್ಲ ಒಟ್ಟಿಗೆ ಎಚ್ಚರವಾಯಿತು. ಸಾಹೇಬರು, ಸೆಕ್ರೆಟರಿ, ಜಗಳೂರು ಬಸ್ಸು, ನ್ಯಾಮತಿಯ ಜವಳಿ ಅಂಗಡಿ. ಕಲ್ಲಿನ ಮೇಲೆ ಕುಸಿದು ಕೂತರು. "ಹೋತು. ಆರಿಹೋತು" ಎಂದರು. ಏನು ಆರಿಹೋಯಿತೆಂದು ಹುಡುಗಿಯರಿಗೆ ತಿಳಿಯಲಿಲ್ಲ.

ಮೊದಲು ಬಂದವರು ಶಿವಮೂರ್ತಪ್ಪನವರು. ರುಮಾಲು ಕೈಯಲ್ಲಿತ್ತು, ಕೋಟು ಹೆಗಲ ಮೇಲಿತ್ತು, ಸಿಟ್ಟು ಮೂಗಿನ ಮೇಲಿತ್ತು. ಅವರ ಹಿಂದೆಯೇ ಬೂಟು ಕೈಯಲ್ಲಿ ಹಿಡಿದ ಸಾಹೇಬರು, ಹಾರ ತಮ್ಮ ಕೊರಳಿಗೇ ಹಾಕಿಕೊಂಡ ಕೊಟ್ರಬಸಪ್ಪನವರು. ಎರಡೂ ಕೈ ಊರಿ ಗುಡ್ಡ ಹತ್ತಬೇಕಾದಾಗ ಹಾರಕ್ಕೆ ಬೇರೆ ಜಾಗ ಇರಲಿಲ್ಲ.

"ಕೊಟ್ರಬಸಪ್ನೋರೇ, ನಿಮ್ಮ ಮುಂದೇನೇ ಹೇಳ್ತೀನಿ" ಎಂದರು ಶಿವಮೂರ್ತಪ್ಪನವರು. "ಈ ಮನುಷ್ಯಂಗೆ ನನ್ನ ಮಗಳನ್ನ ಕೊಡಲ್ಲ. ಹಾಡುಹಗಲು, ಪೇಟೆ ಬೀದಿನಾಗೆ, ಹಿಂದೆ ಇಷ್ಟು ಹೆಣ್ಣುಮಕ್ಕಳನ್ನ ಕಟ್ಕಂಡು ಗುಡ್ಡ ಹತ್ತಿದಾನೆ. ನಾಳೆ ನನ್ನ ಮಗಳು ಎಷ್ಟನೇಳಾಗಿ ನಡೀಬೇಕು?"

ಮೇಷ್ಟ್ರು ಬಾಯಿ ತೆರೆದರು. ಮಾತು ಇನ್ನೂ ಅರ್ಧ ದಾರಿಯಲ್ಲಿತ್ತು.

ಉಡಚಮ್ಮ ತಟ್ಟೆ ಕೆಳಗಿಟ್ಟು ಎದ್ದಳು. "ಯಜಮಾನ್ರೇ, ಒಂದು ಮಾತು. ಗೇಟಿನಿಂದ ಇಲ್ಲಿ ತನಕ ನಾನೇ ಇವರ ಬೆನ್ನ ಹಿಂದೆ ಬಂದಾಕಿ. ಒಂದ್ ಸಲನೂ ಹಿಂದೆ ತಿರುಗಿ ನೋಡ್ಲಿಲ್ಲ."

ಶಿವಮೂರ್ತಪ್ಪನವರು ಅವಳನ್ನು ನೋಡಿದರು.

"ಇವತ್ತಷ್ಟೇ ಅಲ್ಲ. ಮೂರು ವರ್ಷದಿಂದ ದಿನಾ ಹಿಂದೆ ಬರ್ತೀವಿ. ಒಂದ್ ದಿನ ನೋಡಿಲ್ಲ. ನಮ್ಮ ಹೆಸರು ಗೊತ್ತು, ಮುಖ ಗೊತ್ತಿಲ್ಲ ಇವ್ರಿಗೆ. ಇಂಥ ಗಂಡು ನಿಮಗೆ ನ್ಯಾಮತಿನಾಗೆ ಸಿಕ್ತಾನಾ?"

"ಅದು ಖರೆ" ಎಂದ ದಫೇದಾರ್ ತಿಪ್ಪೇಶಪ್ಪ. "ನಾನು ಪಕ್ಕದಾಗೇ ಬಂದೀನಿ. ಕತ್ತು ತಿರುಗಿಸಿಲ್ಲ. ಪೊಲೀಸ್ ಸಾಕ್ಷಿ."

"ನನ್ನ ಹೂವೂ ನೋಡ್ಲಿಲ್ಲ, ನನ್ನೂ ನೋಡ್ಲಿಲ್ಲ" ಎಂದಳು ಅಂತರಘಟ್ಟಮ್ಮ. "ಪೇಟೆನಾಗೆ ಕೂತು ಹುಡುಗೀರ ಹಿಮ್ಮಡಿ ಎಣಿಸೋರು ಬೇಕಾದಷ್ಟು ಜನ ಅದಾರೆ ಬಿಡ್ರಿ. ಹೆಸರು ಹೇಳ್ಲಾ?"

ಕೊಟ್ರಬಸಪ್ಪನವರು ಕೆಮ್ಮಿದರು. ಹುಡುಗಿಯರು ಅಭ್ಯಾಸಬಲದಿಂದ ಎದ್ದು ನಿಂತರು.

ಸಾಹೇಬರು ಈ ಯಾವ ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಅವರು ಬಟ್ಟೆಯ ಮೇಲಿನ ಅಕ್ಷರ, ಗೋಡೆಯ ಮೇಲಿನ ಹುಡುಗಿಯರು, ಕೆಳಗಿನ ಮಂಜು, ಮೂರನ್ನೂ ಬಹಳ ಹೊತ್ತಿನಿಂದ ನೋಡುತ್ತಿದ್ದರು. "ಈ ತಿಂಗಳು ನೋಡಿದ ಕಾಲೇಜಿನಲ್ಲೆಲ್ಲ ರಂಗೋಲಿ, ಉಪ್ಪಿಟ್ಟು, ಸೆಕ್ರೆಟರಿಯವರ ಭಾಷಣ. ಕಾರ್ಯರೂಪ ಎಂದರೆ ಏನೆಂದು ಕೇಳಿದರೆ ಎಲ್ಲರೂ ಉಪ್ಪಿಟ್ಟು ತೋರಿಸಿದರು. ವಿದ್ಯಾರ್ಥಿನಿಯರನ್ನು ಹೊರಗೆ ಕರೆತಂದದ್ದು ಇದೊಂದೇ ಕಾಲೇಜು. ಯಾರ ಯೋಜನೆ ಇದು?"

"ನಮ್ಮದೇ ಸಾರ್" ಎಂದರು ಕೊಟ್ರಬಸಪ್ಪನವರು, ಉಸಿರು ತೆಗೆದುಕೊಳ್ಳುವ ಮೊದಲೇ. "ನಾನೇ ಹಾಕ್ಕೊಟ್ಟಿದ್ದು. ಮುಂದೆ ತರಬೇಕು ಅಂತ ಬರೆದಿದ್ರಲ್ಲ, ಇನ್ನೂ ಮುಂದೆ ತಂದ್ರೆ ಆ ಕಡೆ ಬಿದ್ದುಹೋಗ್ತಾರೆ ಅನ್ನೋ ತನಕ ತಂದೀವಿ."

"ಇವರು ನಿಮ್ಮ ಕಾಯಂ ಉಪನ್ಯಾಸಕರು ತಾನೆ?"

ಕೊಟ್ರಬಸಪ್ಪನವರು ಸಾಹೇಬರನ್ನು ನೋಡಿದರು, ದಫೇದಾರನನ್ನು ನೋಡಿದರು, ಅಂತರಘಟ್ಟಮ್ಮನನ್ನು ನೋಡಿದರು. ತುರ್ತು ಪರಿಸ್ಥಿತಿಯಲ್ಲಿ ಇಲ್ಲ ಎನ್ನುವ ಪದವನ್ನು ಜನ ಹೆಚ್ಚು ಬಳಸುತ್ತಿರಲಿಲ್ಲ.

"ಹೌದು ಸಾರ್. ಕಾಯಂ. ಯಾವಾಗಿಂದ್ಲೋ ಕಾಯಂ."

ಆರು ವರ್ಷ ಎಚ್ಚರವಾಗಿ ಮಾಡಿದ ಪಾಠ ಮೇಷ್ಟ್ರನ್ನು ಕಾಯಂ ಮಾಡಿರಲಿಲ್ಲ. ಒಂದು ನಿದ್ದೆ ಮಾಡಿತು. ನಮ್ಮ ನಾಡಿನಲ್ಲಿ ಬಡವನಿಗೆ ಒಳ್ಳೆಯದಾಗುವುದು ದೊಡ್ಡವರು ಹೆದರಿದಾಗ ಮಾತ್ರ. ಹೆದರಿಸುವುದು ಹೇಗೆಂದು ಬಡವನಿಗೆ ತಿಳಿಯದು, ಆದ್ದರಿಂದ ನಿದ್ದೆಯನ್ನೇ ನಂಬಬೇಕು.

ಇಳಿಯುವಾಗ ಒಂದು ತೊಂದರೆಯಾಯಿತು. ಮೇಷ್ಟ್ರು ಬಂದ ದಾರಿಯನ್ನು ನೋಡಿಯೇ ಇರಲಿಲ್ಲ. ಎರಡು ಸಲ ಗೋಡೆಯ ಕಡೆ, ಒಂದು ಸಲ ಪ್ರಪಾತದ ಕಡೆ ಹೊರಟರು. ಕೊನೆಗೆ ಉಡಚಮ್ಮ, "ಸಾರ್, ನೀವು ಹಿಂದೆ ಬರ್ರಿ" ಎಂದು ತಟ್ಟೆ ಎತ್ತಿಕೊಂಡು ಮುಂದಾದಳು. ಕಾಲುದಾರಿ ಕಿರಿದು, ಕಲ್ಲು ಜಾರು. ಹುಡುಗಿಯರು ಮುಂದೆ, ಹೂ ಸೊಪ್ಪು ಮಡಕೆಯವರು ಅವರ ಹಿಂದೆ, ಆಮೇಲೆ ಮೇಷ್ಟ್ರು, ಸಾಹೇಬರು, ಸೆಕ್ರೆಟರಿ, ಜವಳಿ ಅಂಗಡಿ, ಪೊಲೀಸ್ ಇಲಾಖೆ, ಎಲ್ಲರೂ ಹುಡುಗಿಯರು ಕಾಲಿಟ್ಟಲ್ಲೇ ಕಾಲಿಡುತ್ತ ಇಳಿದರು. ಸುತ್ತೋಲೆ ಏನು ಹೇಳಿತ್ತೋ ಅದು ಅಕ್ಷರಶಃ ಆಯಿತು.

ಮಾರನೇ ದಿನ ಕಮಿಟಿ ಸೇರಿ, ಹುಡುಗಿಯರು ಇನ್ನು ಮೇಲೆ ಯಾವ ಮೇಷ್ಟ್ರ ಹಿಂದೆಯೂ ಹೋಗಕೂಡದು, ಬೆಲ್ಲು ಹೊಡೆದ ಕೂಡಲೇ ತಾವೇ ಕ್ಲಾಸಿಗೆ ಹೋಗಿ ಕೂರಬೇಕು ಎಂದು ಹೊಸ ರೂಲ್ಸು ಮಾಡಿತು. ಹಿಂದೆ ಕಳಿಸಿದರೆ ಎಲ್ಲಿಗೆ ಹೋಗುತ್ತಾರೋ ಎಂಬ ಭಯ. ನ್ಯಾಯವೆಂದು ಕೊಡಲಿಲ್ಲ, ದಿಗಿಲಿಗೆ ಬಿಟ್ಟರು. ಲೇಡೀಸ್ ರೂಮಿಗೆ ಮತ್ತೆ ಮೂಟೆ ಬಂತು. ಕೊಟ್ರಬಸಪ್ಪನವರು ಮುಂದಿನ ಭಾಷಣಗಳಲ್ಲೆಲ್ಲ, "ಸಮಾನತೆಗೋಸ್ಕರ ನಾನು ಗುಡ್ಡ ಹತ್ತಿದವನು" ಎನ್ನತೊಡಗಿದರು. ಅದು ಮಾತ್ರ ಸುಳ್ಳಲ್ಲ.

ಕಾಯಂ ಆದ ಅಳಿಯನಿಗೆ ಶಿವಮೂರ್ತಪ್ಪನವರು ಇಲ್ಲ ಎನ್ನಲಿಲ್ಲ. ಮದುವೆ ನ್ಯಾಮತಿಯಲ್ಲಿ ಆಯಿತು. ಸರ್ವಮಂಗಳ ಚನ್ನಗಿರಿಯನ್ನು ಮೊದಲು ಕಂಡದ್ದು ಗಂಡನ ಜೊತೆ ಬಸ್ಸಿಳಿದ ದಿನವೇ. ಸಂಜೆ ಹೊತ್ತು. ಮೇಷ್ಟ್ರು ಬಸ್ಸಿಳಿದು, ಟ್ರಂಕು ಹಿಡಿದು, ಮುಂದೆ ನಡೆದರು. ಅವಳು ಲೋಕರೂಢಿಯಂತೆ ನಾಲ್ಕು ಮಾರು ಹಿಂದೆ. ಮೇಷ್ಟ್ರು ತಮ್ಮ ಬಾಡಿಗೆ ಮನೆಯ ಓಣಿ ದಾಟಿದರು, ಕಾಲೇಜಿನ ಗೇಟು ದಾಟಿದರು. ಆಕಾಶದಲ್ಲಿ ಕೋಟೆ ಕೆಂಪಗೆ ತೇಲುತ್ತಿತ್ತು, ಟ್ರಂಕು ಆ ಕಡೆಗೆ ಹೊರಟಿತ್ತು. ಬೀದಿಯವರೆಲ್ಲ ಕೈಯ ಕೆಲಸ ಬಿಟ್ಟು ಎದ್ದರು.

ಸರ್ವಮಂಗಳ ನಮ್ಮ ಸೈಕಲ್ ಶಾಪಿನ ಮುಂದೆ ನಿಂತಳು.

"ಅಣ್ಣ, ಚಿತ್ತಪ್ಪ ಮೇಷ್ಟ್ರ ಮನೆ ಯಾವುದು?"

"ಹಿಂದೆ ಉಳೀತಮ್ಮ" ಎಂದು ಓಣಿ ತೋರಿಸಿದೆ.

ಅವಳು ಓಣಿ ನೋಡಿದಳು, ದೂರ ಹೋಗುತ್ತಿದ್ದ ಬೆನ್ನು ನೋಡಿದಳು. ಕೂಗಲಿಲ್ಲ. ಪಕ್ಕದಲ್ಲಿ ನಿಂತವರಿಗೆ ಹೇಳುವಷ್ಟೇ ಮೆಲ್ಲಗೆ, "ಕಾಫಿ ಆರ್ತೈತೆ" ಎಂದಳು.

ಚನ್ನಗಿರಿ ಪೂರ್ತಿ ಸಾಕ್ಷಿ. ಹಿಂದೆ ತಿರುಗದ ಮನುಷ್ಯ ನಿಂತರು, ಹಿಂದೆ ತಿರುಗಿದರು, ನೋಡಿದರು. ಅವಳು ಆಗಲೇ ಓಣಿಯ ಕಡೆ ಹೊರಟಿದ್ದಳು. ಮೇಷ್ಟ್ರು ಟ್ರಂಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಅವಳ ಹಿಂದೆ ನಡೆದರು.

ಓಣಿಯ ತಿರುವಿನಲ್ಲಿ ಅಂತರಘಟ್ಟಮ್ಮ ಹೂ ಕಟ್ಟುತ್ತ ಕೂತಿದ್ದಳು. "ಏನ್ ಮೇಷ್ಟ್ರೇ, ಹೆಂಡ್ತಿ ಹಿಂದೆ ಹೊಂಟೀರಲ್ಲ."

"ಹೌದಮ್ಮ" ಎಂದರು ಚಿತ್ತಪ್ಪ ಮೇಷ್ಟ್ರು. "ಆಕೆಗೆ ದಾರಿ ಗೊತ್ತೈತೆ."